ಎಐಗೆ ಕಾಲೇಜು ತಯಾರಾಗಬೇಕು: ಮೊದಲ ದುಡ್ಡು ಎಲ್ಲಿಗೆ ಹಾಕೋದು?

ಡಿಗ್ರಿ ಕಾಲೇಜಿನ ಮೇಷ್ಟ್ರುಗಳು, ಪ್ರಾಂಶುಪಾಲರು ಈಗ ಸಿಕ್ಕಾಗೆಲ್ಲ ಕೇಳುವುದು ಇದನ್ನೇ. “ಎಐ ಲ್ಯಾಬ್ ಮಾಡೋದಾ, ಲೈಸೆನ್ಸ್ ತಗೊಳ್ಳೋದಾ, ಇಲ್ಲಾ ಸ್ಟಾಫ್‌ಗೆ ಟ್ರೈನಿಂಗ್ ಕೊಡಿಸೋದಾ?” ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮೌಲ್ಯಮಾಪನ ಇರುವ ವರ್ಷವಾದರೆ ಅವಸರವೂ ಸೇರಿಕೊಳ್ಳುತ್ತದೆ. ಕೈಯಲ್ಲಿ ಎರಡೋ ಮೂರೋ ಲಕ್ಷ ಇರುತ್ತದೆ, ಮಾರ್ಚ್ ಒಳಗೆ ಖರ್ಚಾಗಬೇಕು. ಆಗ ಕಣ್ಣಿಗೆ ಮೊದಲು ಬೀಳುವುದು ಬಿಲ್ ಮಾಡಿಸಬಹುದಾದ ವಸ್ತುಗಳು: ಬೋರ್ಡು, ಕಂಪ್ಯೂಟರು, ಸಾಫ್ಟ್‌ವೇರು.

ಇದನ್ನು ಕರ್ನಾಟಕದ ಪದವಿ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಜಿಲ್ಲಾ ಕೇಂದ್ರದ ಅನುದಾನಿತ ಕಾಲೇಜು, ಬೆಂಗಳೂರಿನ ಸ್ವಾಯತ್ತ ಕಾಲೇಜು, ಈ ಮೂರಕ್ಕೂ ಒಂದೇ ಉತ್ತರ ಸಿಗುವುದಿಲ್ಲ. ಆದರೆ ತೂಗಿ ನೋಡುವ ತಕ್ಕಡಿ ಒಂದೇ ಇರಬಹುದು. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ದುಡ್ಡು, ಮೊದಲ ಸಮಯ, ಎರಡೂ ಪ್ರಶ್ನೆಪತ್ರಿಕೆ ತೆಗೆಯುವವರ ಕಡೆ ಹೋಗಬೇಕು. ಯಾಕೆ ಅಂತ ಮುಂದೆ ನೋಡೋಣ.

ಯಾವುದನ್ನು ನೋಡಿ ಅಳೆಯುವುದು?

ಮೊದಲನೆಯದು, ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವುದು. ವಿದ್ಯಾರ್ಥಿಯ ಹೆಸರು, ಅಂಕಪಟ್ಟಿ, ಆಪ್ತ ಸಮಾಲೋಚನೆಯಲ್ಲಿ ಹೇಳಿಕೊಂಡ ಮಾತು, ಇವೆಲ್ಲ ಯಾರದೋ ಸರ್ವರ್‌ಗೆ ಹೋಗಬಾರದು. ಇದು ಕಾನೂನಿನ ಮಾತೂ ಹೌದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿ ಬಳಸುವುದಕ್ಕೆ ಪೋಷಕರ ಒಪ್ಪಿಗೆ ಬೇಕು. ಪಿಯುಸಿ ಮುಗಿಸಿ ನೇರ ಬಂದವರಲ್ಲಿ ಮೊದಲ ಸೆಮಿಸ್ಟರ್‌ಗೆ 17ರಲ್ಲೇ ಇರುವವರು ಎಷ್ಟೋ ಮಂದಿ. ಈ ಸಂಗತಿಯನ್ನು ಕಾಲೇಜುಗಳು ಮರೆತೇಬಿಡುತ್ತವೆ.

ಎರಡನೆಯದು, ಬರೀ ಫೋನ್ ಇರುವ ವಿದ್ಯಾರ್ಥಿಗೂ ಇದು ಸಿಗುತ್ತದಾ? ತರಗತಿಯಲ್ಲಿ ಲ್ಯಾಪ್‌ಟಾಪ್ ಇರುವವರು ನಾಲ್ಕೇ ಜನ ಆದರೆ, ಲ್ಯಾಪ್‌ಟಾಪ್ ಬೇಡುವ ಯಾವ ಯೋಜನೆಯೂ ಆ ನಾಲ್ಕು ಜನರ ಯೋಜನೆಯಾಗುತ್ತದೆ.

ಮೂರನೆಯದು, ಕನ್ನಡದಲ್ಲಿ ಚೆನ್ನಾಗಿ ನಡೆಯುತ್ತದಾ ಅನ್ನುವುದು. ನಾಲ್ಕನೆಯದು, ಇದಕ್ಕೆ ಅಧ್ಯಾಪಕರ ಎಷ್ಟು ಹೊತ್ತು ಬೇಕು ಅನ್ನುವುದು. ಐದನೆಯದು ಎರಡನೇ ವರ್ಷದ ಖರ್ಚು. ಮೊದಲ ವರ್ಷದ ಬಿಲ್ಲನ್ನು ಎಲ್ಲರೂ ನೋಡುತ್ತಾರೆ. ನವೀಕರಣದ ಬಿಲ್ಲನ್ನು ನೋಡುವುದು ಬಂದ ಮೇಲೇ.

ಇನ್ನೊಂದು ಇದೆ, ಎಲ್ಲಕ್ಕಿಂತ ಮುಖ್ಯವಾದದ್ದು: ಸಿಲಬಸ್ಸು, ಪರೀಕ್ಷೆ ಯಾರ ಕೈಯಲ್ಲಿದೆ? ಸ್ವಾಯತ್ತ ಕಾಲೇಜು ತನ್ನ ಪರೀಕ್ಷೆಯನ್ನು ತಾನೇ ಬದಲಿಸಬಹುದು. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿಗೆ ಸಿಗುವುದು ಇಂಟರ್ನಲ್ ಅಂಕ ಮಾತ್ರ. ನೂರಕ್ಕೆ 20 ಇಂಟರ್ನಲ್ ಇದ್ದರೆ ನಿಮ್ಮ ಕೈಯಲ್ಲಿರುವುದು ಆ 20. ವಿಟಿಯುಗೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಟರ್ನಲ್ ಅರ್ಧಕ್ಕರ್ಧ, ಅಲ್ಲಿ ಜಾಗ ಜಾಸ್ತಿ.

ದಾರಿ ಒಂದು: ಅವರವರ ಫೋನು, ಅವರವರ ಆಪ್

ಕಾಲೇಜು ಏನೂ ಮಾಡದಿದ್ದರೆ ಆಗುವುದು ಇದೇ. ಆಗಲೇ ಆಗಿಬಿಟ್ಟಿದೆ ಕೂಡ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಈಗ ಪದವಿ ಓದುತ್ತಿರುವವರು ಹೈಸ್ಕೂಲು, ಪಿಯುಸಿಯಲ್ಲೇ ಇದನ್ನು ಕಂಡವರು. 2025ರ ಜುಲೈನಲ್ಲಿ ಗೂಗಲ್ 18 ದಾಟಿದ ಭಾರತದ ವಿದ್ಯಾರ್ಥಿಗಳಿಗೆ ತನ್ನ ಎಐ ಪ್ರೊ ಸೇವೆಯನ್ನು ಒಂದು ವರ್ಷ ಬಿಟ್ಟಿ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷ ಬಿಟ್ಟಿ ಸಿಕ್ಕಿತು. ಅದಕ್ಕೆ ಭಾರತದಲ್ಲಿ ತಿಂಗಳಿಗೆ 399 ರೂಪಾಯಿ ಇಟ್ಟಿದ್ದರು. ಜಿಯೋ, ಏರ್‌ಟೆಲ್ ಸಿಮ್‌ಗಳ ಜೊತೆಗೂ ಇಂಥವು ಬಂದವು.

ಖರ್ಚಿಲ್ಲ, ಫೋನಿನಲ್ಲೇ ನಡೆಯುತ್ತದೆ. ಇವು ದೊಡ್ಡ ಗುಣಗಳು. ತೊಂದರೆ ಇರುವುದು ಮೂರು ಕಡೆ. ಬಿಟ್ಟಿ ವರ್ಷ ಮುಗಿದ ಮೇಲೆ ದುಡ್ಡಿರುವವರಿಗೆ ಒಂದು ಉಪಕರಣ, ಇಲ್ಲದವರಿಗೆ ಇನ್ನೊಂದು. ಅಸೈನ್‌ಮೆಂಟ್ ಮಾತ್ರ ಇಬ್ಬರಿಗೂ ಅದೇ. ಎರಡನೆಯದು, ವೈಯಕ್ತಿಕ ಖಾತೆಯಲ್ಲಿ ನಾವು ಬರೆದದ್ದು ಮಾದರಿಯ, ಅಂದರೆ ಉತ್ತರ ಕೊಡುವ ಎಐ ತಂತ್ರಾಂಶದ, ತರಬೇತಿಗೆ ಹೋಗಬಹುದು. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಅಂತ ಇದೆ, ಅಲ್ಲಿ ಇದನ್ನು ಆಫ್ ಮಾಡಬಹುದು. ತರಗತಿಯಲ್ಲಿ ಕೇಳಿ ನೋಡಿ, ಎಷ್ಟು ಜನ ಮಾಡಿದ್ದಾರೆ ಅಂತ. ಮೂರನೆಯದು, ಉಪನ್ಯಾಸಕರೇ ತಮ್ಮ ಸ್ವಂತ ಖಾತೆಗೆ ಫಲಿತಾಂಶದ ಎಕ್ಸೆಲ್ ಫೈಲ್ ಹಾಕಿ “ವಿಶ್ಲೇಷಣೆ ಮಾಡು” ಅನ್ನುವುದು. ಮಕ್ಕಳ ಹೆಸರು, ನೋಂದಣಿ ಸಂಖ್ಯೆ ಎಲ್ಲ ಅದರಲ್ಲೇ ಇರುತ್ತದೆ.

ಈ ದಾರಿಯಲ್ಲೇ ಹೋಗುವುದಾದರೂ ಒಂದು ಪುಟದ ನಿಯಮ ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಕೂಡದು, ಬಳಸಿದರೆ ಹೇಗೆ ಹೇಳಬೇಕು, ಯಾರ ಮಾಹಿತಿಯನ್ನು ಹಾಕಬಾರದು. ಇದಕ್ಕೆ ಒಂದು ರೂಪಾಯಿಯೂ ಬೇಡ.

ದಾರಿ ಎರಡು: ಕಾಲೇಜಿನ ಹೆಸರಿನ ಖಾತೆ

ಹೆಚ್ಚಿನ ಕಾಲೇಜುಗಳು ಇದನ್ನು ಗಮನಿಸಿಯೇ ಇಲ್ಲ. ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಫಂಡಮೆಂಟಲ್ಸ್ ಮಾನ್ಯತೆ ಇರುವ ಸಂಸ್ಥೆಗೆ ಉಚಿತ. ಮೈಕ್ರೋಸಾಫ್ಟ್‌ನ ಆಫೀಸ್ 365 ಎ1 ಕೂಡ ಹಾಗೇ. ಗೂಗಲ್‌ನ ಉಚಿತ ಖಾತೆಯಲ್ಲೇ ಅದರ ಚಾಟ್‌ಬಾಟ್ ಜೆಮಿನೈ, ನೋಟ್‌ಬುಕ್ ಎಲ್‌ಎಂ ಎರಡೂ ಸಿಗುತ್ತವೆ. ಮೈಕ್ರೋಸಾಫ್ಟ್‌ನಲ್ಲಿ ಕೋಪೈಲಟ್ ಚಾಟ್ ಇದೆ. ಸಂಸ್ಥೆಯ ಖಾತೆಯಿಂದ ಬಳಸಿದಾಗ ನಮ್ಮ ಮಾತುಕತೆಯನ್ನು ಮಾದರಿಯ ತರಬೇತಿಗೆ ಬಳಸುವುದಿಲ್ಲ ಎಂದು ಎರಡೂ ಕಂಪನಿಗಳು ಒಪ್ಪಂದದಲ್ಲೇ ಹೇಳುತ್ತವೆ. ವೈಯಕ್ತಿಕ ಖಾತೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ನೋಟ್‌ಬುಕ್ ಎಲ್‌ಎಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಕೊಟ್ಟ ಪಾಠದ ಪಿಡಿಎಫ್, ಟಿಪ್ಪಣಿಗಳ ಆಧಾರದ ಮೇಲೆ ಅದು ಉತ್ತರ ಕೊಡುತ್ತದೆ, ಪ್ರತಿ ಮಾತು ಯಾವ ಭಾಗದಿಂದ ಬಂತು ಅಂತ ತೋರಿಸುತ್ತದೆ. ವಿದ್ಯಾರ್ಥಿ ಅದನ್ನು ಒತ್ತಿ ಮೂಲಕ್ಕೆ ಹೋಗಬಹುದು. ಅಲ್ಲೂ ತಪ್ಪಾಗುತ್ತದೆ, ಆದರೆ ತಪ್ಪನ್ನು ಹಿಡಿಯಲು ದಾರಿ ಇರುತ್ತದೆ.

ಇದು ಎಷ್ಟು ಮುಖ್ಯ ಅನ್ನುವುದು ಕನ್ನಡ ವಿಭಾಗದವರಿಗೆ ಬೇಗ ಗೊತ್ತಾಗುತ್ತದೆ. ವಚನಕಾರ್ತಿ ಸೂಳೆ ಸಂಕವ್ವೆಯದ್ದು ನಮಗೆ ಸಿಕ್ಕಿರುವುದು ಒಂದೇ ವಚನ. ಅಂಕಿತ ನಿರ್ಲಜ್ಜೇಶ್ವರ. ಯಾವುದಾದರೂ ಚಾಟ್‌ಬಾಟ್‌ಗೆ “ಸಂಕವ್ವೆಯ ಐದು ವಚನ ಕೊಡು” ಅಂತ ಕೇಳಿ. ಒಂದೇ ಇರುವುದು ಅಂತ ಹೇಳಿದರೆ ಸರಿ. ಐದು ಬಂದರೆ, ಬಾಕಿ ನಾಲ್ಕು ಎಲ್ಲಿಂದ ಬಂದವು? ಅಂಕಿತ ಸರಿಯಾಗಿದೆಯಾ? ಲಯ ವಚನದ್ದೇನಾ? ಉತ್ತರವನ್ನು ವಚನ ಸಂಚಯದ ಜಾಲತಾಣದಲ್ಲಿ ಹುಡುಕಿ ತಾಳೆ ನೋಡಿ. ಇದನ್ನು ತರಗತಿಯಲ್ಲೇ ಮಾಡಿಸಿದರೆ ಬಿಎ ವಿದ್ಯಾರ್ಥಿಗೆ ಎಐ ಅಂದರೆ ಏನು ಅನ್ನುವುದು ಒಂದು ಪೀರಿಯಡ್‌ನಲ್ಲಿ ತಿಳಿಯುತ್ತದೆ. ಯಾವ ಉಪಕರಣ ಕೊಳ್ಳುವ ಮುಂಚೆಯೂ ನಿಮ್ಮ ವಿಷಯದಲ್ಲಿ ಇಂಥ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಉತ್ತರ ನಿಮಗೆ ಖಚಿತವಾಗಿ ಗೊತ್ತಿರುವಂಥದ್ದು.

ಈ ದಾರಿಗೆ ದುಡ್ಡು ಬೇಡ, ಆದರೆ ಒಬ್ಬ ಮನುಷ್ಯ ಬೇಕು. ಮೊದಲು ಕಾಲೇಜಿಗೆ ಸ್ವಂತ ಡೊಮೈನ್, ಅಂದರೆ ಇಂಟರ್‌ನೆಟ್‌ನಲ್ಲಿ ಅದರದೇ ಹೆಸರಿನ ವಿಳಾಸ, ಇರಬೇಕು. ಎಷ್ಟೋ ಕಾಲೇಜುಗಳು ಇನ್ನೂ ಪ್ರಾಂಶುಪಾಲರ ಜಿಮೇಲ್ ಮೇಲೇ ನಡೆಯುತ್ತಿವೆ. ಎಸಿ ಡಾಟ್ ಇನ್ ಅಂತ ಮುಗಿಯುವ ಹೆಸರುಗಳನ್ನು ಕೊಡುವುದು ಕೇಂದ್ರ ಸರ್ಕಾರದ ಸಂಸ್ಥೆ ಎರ್ನೆಟ್ ಇಂಡಿಯಾ. ಆಮೇಲೆ ಎಲ್ಲ ವಿದ್ಯಾರ್ಥಿಗಳ ಪಟ್ಟಿ ಮಾಡಿ ಖಾತೆ ತೆರೆಯಬೇಕು. 18 ತುಂಬದವರ ಗುಂಪನ್ನು ಬೇರೆ ಇಡಬೇಕು. ಮೊದಲ ವಾರ ಪಾಸ್‌ವರ್ಡ್ ಮರೆತವರ ಸಾಲು ಸ್ಟಾಫ್‌ರೂಮಿನ ಬಾಗಿಲ ತನಕ ಬರುತ್ತದೆ. ಓದು ಮುಗಿಸಿ ಹೋದವರ ಖಾತೆ ಮುಚ್ಚಬೇಕು. ಇಷ್ಟನ್ನೂ ಮಾಡುವವರಿಗೆ ವಾರಕ್ಕೆ ಒಂದೆರಡು ಪೀರಿಯಡ್ ಕಡಿಮೆ ಮಾಡಿ ಕೊಡಿ. ಸುಮ್ನೆ “ಕಂಪ್ಯೂಟರ್ ಸೈನ್ಸ್‌ನವರು ನೋಡ್ಕೊಳ್ತಾರೆ” ಅಂದರೆ ಎರಡನೇ ಸೆಮಿಸ್ಟರ್‌ಗೆ ನಿಂತುಹೋಗುತ್ತದೆ.

ದಾರಿ ಮೂರು: ಎಲ್ಲರಿಗೂ ದುಡ್ಡು ಕೊಟ್ಟು ಲೈಸೆನ್ಸ್

ಓಪನ್‌ಎಐ 2024ರ ಮೇನಲ್ಲಿ ವಿಶ್ವವಿದ್ಯಾಲಯಗಳಿಗೆಂದೇ ಚಾಟ್‌ಜಿಪಿಟಿ ಎಡು ತಂದಿತು. 2025ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ 4,60,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ, 63,000 ಸಿಬ್ಬಂದಿಗೆ ಅದನ್ನು ಕೊಡಿಸಿತು. ಹದಿನೆಂಟು ತಿಂಗಳಿಗೆ ಸುಮಾರು 1.7 ಕೋಟಿ ಡಾಲರ್. ಭಾಗಿಸಿ ನೋಡಿದರೆ ಒಬ್ಬರಿಗೆ 32 ಡಾಲರ್ ಹತ್ತಿರ, ಅಂದರೆ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. ಅದೂ ಐದು ಲಕ್ಷ ಜನರ ಸಗಟು ದರ. ಸಾವಿರ ವಿದ್ಯಾರ್ಥಿಗಳಿರುವ ನಮ್ಮ ಕಾಲೇಜು ಆ ದರ ಕೇಳಿದರೂ ಲೆಕ್ಕ 25 ಲಕ್ಷ ದಾಟುತ್ತದೆ.

ಒಂದು ಪದವಿ ಕಾಲೇಜಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯ ಅಥವಾ ಸರ್ಕಾರ ಎಲ್ಲ ಕಾಲೇಜುಗಳ ಪರವಾಗಿ ಮಾತಾಡಿದರೆ ಆಗ ಯೋಚಿಸಬಹುದು. ಹತ್ತಿಪ್ಪತ್ತು ಅಧ್ಯಾಪಕರಿಗೆ, ಸಂಶೋಧನೆ ಮಾಡುವವರಿಗೆ ಮಾತ್ರ ಲೈಸೆನ್ಸ್ ಕೊಡಿಸುವುದು ಬೇರೆ ಮಾತು, ಅದು ಕೈಗೆಟುಕುತ್ತದೆ.

ದಾರಿ ನಾಲ್ಕು: ಸ್ವಂತ ಮಿಷನ್, ಸ್ವಂತ ಲ್ಯಾಬ್

ಬಿಸಿಎ, ಎಂಸಿಎ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಇರುವ ಕಾಲೇಜುಗಳಿಗೆ ಇದರ ಆಸೆ ಜಾಸ್ತಿ. ಆಸೆ ತಪ್ಪಲ್ಲ. ಲಾಮಾ, ಜೆಮ್ಮಾದಂಥ ಮಾದರಿಗಳನ್ನು ಇಳಿಸಿಕೊಂಡು ನಮ್ಮದೇ ಕಂಪ್ಯೂಟರ್‌ನಲ್ಲಿ ಓಡಿಸಬಹುದು. ಒಲಾಮಾ, ಎಲ್‌ಎಂ ಸ್ಟುಡಿಯೋ ಎಂಬ ಉಚಿತ ತಂತ್ರಾಂಶಗಳು ಅದನ್ನು ಸುಲಭ ಮಾಡಿವೆ. ಗೂಗಲ್‌ನ ಜೆಮ್ಮಾ 3 ಬಂದದ್ದು 2025ರ ಮಾರ್ಚ್‌ನಲ್ಲಿ. ಆಗ ಅದರಲ್ಲಿ ನೂರು ಕೋಟಿಯಿಂದ 2,700 ಕೋಟಿ ಪ್ಯಾರಾಮೀಟರ್‌ಗಳ (ಮಾದರಿಯ ಗಾತ್ರ ಅಳೆಯುವ ಒಳಗಿನ ಸಂಖ್ಯೆಗಳು) ತನಕ ಬೇರೆ ಬೇರೆ ಗಾತ್ರಗಳಿದ್ದವು. 1,200 ಕೋಟಿಯದ್ದನ್ನು ಕುಗ್ಗಿಸಿದ ರೂಪದಲ್ಲಿ 12 ಜಿಬಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಕೂರಿಸಬಹುದು. ಬೆಂಗಳೂರಿನ ಸರ್ವಂ ಕಂಪನಿಯ ಸರ್ವಂ-ಎಂ ಭಾರತೀಯ ಭಾಷೆಗಳಿಗೆಂದೇ ಪಳಗಿಸಿದ್ದು. ಅದು 2,400 ಕೋಟಿಯದ್ದು, ಕುಗ್ಗಿಸಿದರೂ 16 ಜಿಬಿ ಕಾರ್ಡು ಬೇಕು.

ಇದರಲ್ಲಿ ಸಿಗುವ ಲಾಭ ಎರಡು. ಮಾಹಿತಿ ಕೋಣೆಯ ಹೊರಗೆ ಹೋಗುವುದಿಲ್ಲ. ಆರೋಗ್ಯ ಸಮೀಕ್ಷೆ, ಹಳ್ಳಿಯ ಕುಟುಂಬಗಳ ಸಂದರ್ಶನ, ಇಂಥ ಸಂಶೋಧನೆ ಮಾಡುವ ಸ್ನಾತಕೋತ್ತರ ವಿಭಾಗಕ್ಕೆ ಇದು ನಿಜವಾಗಿ ಬೇಕಾದದ್ದು. ಎರಡನೆಯದು ಕಲಿಕೆ. ಇಂಟರ್‌ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟು ಪ್ರಶ್ನೆ ಕೇಳಿದಾಗಲೂ ಉತ್ತರ ಬರುತ್ತದಲ್ಲ, ಆಗ ಬಿಸಿಎ ವಿದ್ಯಾರ್ಥಿಗೆ ಇದು ಎಲ್ಲೋ ಆಕಾಶದಲ್ಲಿರುವುದಲ್ಲ, ಡಿಸ್ಕಿನಲ್ಲಿರುವ ಕೆಲವು ಜಿಬಿಯ ಫೈಲು ಅಂತ ಕಣ್ಣಿಗೇ ಕಾಣುತ್ತದೆ.

ನಷ್ಟವನ್ನೂ ನೋಡಿ. ಒಂದು ಕಾರ್ಡಿನ ಮಿಷನ್‌ನಲ್ಲಿ ಒಂದೇ ಸಲಕ್ಕೆ ಒಬ್ಬಿಬ್ಬರಷ್ಟೇ ಆರಾಮಾಗಿ ಕೆಲಸ ಮಾಡಬಹುದು. ನಲವತ್ತು ಜನರ ಬ್ಯಾಚು ಒಟ್ಟಿಗೆ ಕೂತರೆ ಎಲ್ಲರೂ ಕಾಯುತ್ತಾರೆ. ಕನ್ನಡದಲ್ಲಿ ಈ ಸಣ್ಣ ಮಾದರಿಗಳು ದೊಡ್ಡವಕ್ಕಿಂತ ಹಿಂದೆ. ಯುಪಿಎಸ್ ಬೇಕು, ಧೂಳಿಲ್ಲದ ಕೋಣೆ ಬೇಕು, ಲೈನಕ್ಸ್ ಬಲ್ಲವರೊಬ್ಬರು ವರ್ಗವಾಗದೆ ಇರಬೇಕು.

ಅದಕ್ಕೇ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಈಗಿರುವ 8 ಜಿಬಿ ರ‍್ಯಾಮ್‌ನ ಲ್ಯಾಬ್ ಕಂಪ್ಯೂಟರ್‌ನಲ್ಲೇ ಜೆಮ್ಮಾದ ಸಣ್ಣ ಗಾತ್ರ ಓಡಿಸಿ ನೋಡಿ. ನಿಧಾನ, ಆದರೆ ಓಡುತ್ತದೆ. ಆಮೇಲೆ ಬ್ರೌಸರ್‌ನಲ್ಲೇ ಪ್ರೋಗ್ರಾಂ ಓಡಿಸುವ ಗೂಗಲ್ ಕೊಲ್ಯಾಬ್. ಅಲ್ಲಿ ಜಿಮೇಲ್ ಇರುವ ಯಾರಿಗಾದರೂ ಟಿ4 ಎಂಬ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಸ್ವಲ್ಪ ಹೊತ್ತು ಉಚಿತವಾಗಿ ಸಿಗುತ್ತದೆ. ಒಂದು ಸೆಮಿಸ್ಟರ್ ಹೀಗೆ ನಡೆಸಿ, ನಿಮ್ಮ ವಿದ್ಯಾರ್ಥಿಗಳು ಆ ಮಿತಿಗೆ ಹೋಗಿ ಮುಟ್ಟಿದರೆ ಆಗ ಮಿಷನ್ ತನ್ನಿ. ಇನ್ನೂ ದೊಡ್ಡದು ಬೇಕಾದವರಿಗೆ ಕೇಂದ್ರ ಸರ್ಕಾರದ ‘ಇಂಡಿಯಾ ಎಐ ಮಿಷನ್’ ಯೋಜನೆ ಇದೆ. ಅದರಲ್ಲಿ ಜಿಪಿಯು ಗಂಟೆಗೆ ಸರಾಸರಿ 65 ರೂಪಾಯಿಯ ರಿಯಾಯಿತಿ ದರದಲ್ಲಿ ಸಿಗುತ್ತದೆ.

ಲ್ಯಾಬ್ ಮಾರಲು ಬರುವವರು ಸ್ಮಾರ್ಟ್ ಬೋರ್ಡು, ರೋಬೋ ಕಿಟ್ಟು, ಹೊಸ ಮೇಜುಗಳನ್ನೆಲ್ಲ ಒಂದೇ ಪ್ಯಾಕೇಜಿನಲ್ಲಿ ಕೊಡುತ್ತಾರೆ. ಕೊಟೇಶನ್‌ನಲ್ಲಿ ಜಿಪಿಯು ಮೆಮೊರಿ ಎಷ್ಟು ಜಿಬಿ ಅಂತ ಬರೆದಿಲ್ಲದಿದ್ದರೆ ಅದು ಎಐ ಲ್ಯಾಬಿನ ಕೊಟೇಶನ್ ಅಲ್ಲ.

ದಾರಿ ಐದು: ಕಳ್ಳರನ್ನು ಹಿಡಿಯುವ ತಂತ್ರಾಂಶ

ಅಸೈನ್‌ಮೆಂಟನ್ನು ಎಐ ಬರೆದಿದೆಯಾ ಅಂತ ಹೇಳುವ ಡಿಟೆಕ್ಟರ್‌ಗಳ ಮೇಲೆ ದುಡ್ಡು ಹಾಕಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಓಪನ್‌ಎಐ ತಾನೇ ಮಾಡಿದ ಡಿಟೆಕ್ಟರನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಎಐ ಬರೆದದ್ದರಲ್ಲಿ ಅದು ಹಿಡಿದಿದ್ದು ನೂರಕ್ಕೆ 26 ಮಾತ್ರ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ವರ್ಷ ಆಗಸ್ಟ್‌ನಲ್ಲಿ ಟರ್ನಿಟಿನ್ ಎಂಬ ಕೃತಿಚೌರ್ಯ ಪತ್ತೆ ತಂತ್ರಾಂಶದ ಎಐ ಡಿಟೆಕ್ಟರ್ ನಿಲ್ಲಿಸಿತು. ಅವರ ಲೆಕ್ಕ ಸರಳ. ವರ್ಷಕ್ಕೆ 75,000 ಬರಹ. ನೂರಕ್ಕೆ ಒಂದು ತಪ್ಪಾದರೂ 750 ಮಂದಿ ತಪ್ಪು ಮಾಡದೆ ಸಿಕ್ಕಿಬೀಳುತ್ತಾರೆ.

ನಮ್ಮ ಮಕ್ಕಳಿಗೆ ಇದು ಇನ್ನೂ ಅನ್ಯಾಯ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ನೂರರಲ್ಲಿ 61 ಪ್ರಬಂಧಗಳನ್ನು ಎಐ ಬರೆದದ್ದು ಅಂದವು. ಸರಳ ಪದ, ಸರಳ ವಾಕ್ಯ ಬಳಸಿದರೆ ಯಂತ್ರಕ್ಕೆ ಅನುಮಾನ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಕಷ್ಟಪಟ್ಟು ಇಂಗ್ಲಿಷ್‌ನಲ್ಲಿ ನಾಲ್ಕು ಪುಟ ಬರೆದ ಹುಡುಗಿಯನ್ನು ಇಂಥ ಯಂತ್ರದ ಮಾತು ಕೇಳಿ ಕಳ್ಳಿ ಅನ್ನುವುದಾ?

ಕೃತಿಚೌರ್ಯ ಪತ್ತೆ ಬೇರೆ. ಅದಕ್ಕೆ ಯುಜಿಸಿಯ 2018ರ ನಿಯಮವೇ ಇದೆ. ಅಲ್ಲಿ ಹೋಲಿಕೆಯ ಮೂಲ ಕಣ್ಣೆದುರು ಇರುತ್ತದೆ, ವಿದ್ಯಾರ್ಥಿ ಉತ್ತರ ಕೊಡಬಹುದು. ಎಐ ಡಿಟೆಕ್ಟರ್ ಕೊಡುವುದು ಒಂದು ಶೇಕಡಾವಾರು ಅಂಕಿ ಅಷ್ಟೇ.

ದಾರಿ ಆರು: ಅಧ್ಯಾಪಕರ ತಯಾರಿ

ಸಿಗುವುದು ಬೇಕಾದಷ್ಟಿದೆ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಕೋರ್ಸಿಗೆ 1,000 ರೂಪಾಯಿ. ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಪ್ಲಸ್‌ನಲ್ಲಿ ಐಐಟಿ ಮದ್ರಾಸ್ ಕಡೆಯಿಂದ ಲೆಕ್ಕಶಾಸ್ತ್ರದಲ್ಲಿ ಎಐ, ರಸಾಯನಶಾಸ್ತ್ರದಲ್ಲಿ ಎಐ, ಭೌತಶಾಸ್ತ್ರದಲ್ಲಿ ಎಐ ಎಂಬ ಉಚಿತ ಕೋರ್ಸ್‌ಗಳಿವೆ. ಬಿಕಾಂ ಅಧ್ಯಾಪಕರು ಮೊದಲನೆಯದರಿಂದ ಶುರು ಮಾಡಬಹುದು. ಅಧ್ಯಾಪಕರಿಗೆ ತರಬೇತಿ ಕೊಡುತ್ತಿದ್ದ ಹಿಂದಿನ ಎಚ್‌ಆರ್‌ಡಿಸಿಗಳು ಈಗ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳಾಗಿವೆ, ಅವೂ ಇವೆ. ಯುನೆಸ್ಕೊ 2024ರಲ್ಲಿ ಶಿಕ್ಷಕರಿಗೆ 15 ಎಐ ಸಾಮರ್ಥ್ಯಗಳ ಪಟ್ಟಿ ಕೊಟ್ಟಿದೆ, ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಎಲ್ಲಿ ನಿಂತಿದ್ದೇವೆ ಅಂತ ವಿಭಾಗವಾರು ಗುರುತು ಹಾಕಿಕೊಳ್ಳಲು ಅದು ಸಾಕು.

ಆದರೆ ಕೋರ್ಸ್ ಮುಗಿಸಿದ ಪ್ರಮಾಣಪತ್ರ ತರಗತಿಯನ್ನು ಬದಲಿಸುವುದಿಲ್ಲ. ಬದಲಿಸುವುದು ಒಂದು ಶನಿವಾರದ ಎರಡು ಗಂಟೆ. ಪ್ರತಿಯೊಬ್ಬರೂ ಕಳೆದ ವರ್ಷದ ತಮ್ಮ ಇಂಟರ್ನಲ್ ಪ್ರಶ್ನೆಗಳನ್ನು ತರಲಿ. ಫೋನಿನಲ್ಲಿ ಉಚಿತ ಚಾಟ್‌ಬಾಟ್‌ಗೆ ಹಾಕಲಿ. ಬಂದ ಉತ್ತರವನ್ನು ತಮ್ಮದೇ ಅಂಕ ಹಂಚಿಕೆಯ ಸ್ಕೀಮ್ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಲಿ. ಹತ್ತಕ್ಕೆ ಎಂಟು ಬಂದರೆ ಆ ಪ್ರಶ್ನೆಯನ್ನು ಮನೆಗೆ ಕೊಟ್ಟು ಅಂಕ ಹಾಕುವ ಕಾಲ ಮುಗಿಯಿತು.

ವಾಣಿಜ್ಯ ವಿಭಾಗದ ಉದಾಹರಣೆ ನೋಡಿ. “ಜಿಎಸ್‌ಟಿಯ ಅನುಕೂಲ, ಅನಾನುಕೂಲ ವಿವರಿಸಿ” ಅನ್ನುವುದು ಹಳೆಯ ಪ್ರಶ್ನೆ. ಹೊಸದು ಹೀಗಿರಬಹುದು: ನಿಮ್ಮೂರಿನ ಎರಡು ಅಂಗಡಿಗಳ ಬಿಲ್ ತನ್ನಿ. ಒಂದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ಇದೆ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಸ್ಕೀಮ್‌ನಲ್ಲಿರುವ ಇನ್ನೊಂದು ಅಂಗಡಿಯ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇಲ್ಲ, ಯಾಕೆ? ಅಂಗಡಿಯವರ ಹತ್ತಿರ ಮಾತಾಡಿ ಬರೆಯಿರಿ. ಎಐ ಸಹಾಯ ಪಡೆದರೆ ಎಲ್ಲಿ ಅಂತ ಹೇಳಿ. ಆಮೇಲೆ ಮೇಜಿನ ಎದುರು ಮೂರು ನಿಮಿಷ, ಬಿಲ್ ಕೈಯಲ್ಲಿಟ್ಟು ಎರಡು ಪ್ರಶ್ನೆ. ಬರಹಕ್ಕೆ ಅರ್ಧ ಅಂಕ, ಮಾತಿಗೆ ಅರ್ಧ.

ಸಿಡ್ನಿ ವಿಶ್ವವಿದ್ಯಾಲಯ ಇದನ್ನೇ ದೊಡ್ಡದಾಗಿ ಮಾಡಿದೆ. ಎದುರಿಗೆ ಕೂರಿಸಿ ನಡೆಸುವ ಪರೀಕ್ಷೆ ಒಂದು ಬಗೆ, ಎಐ ಬಳಸಬಹುದಾದ ತೆರೆದ ಕೆಲಸ ಇನ್ನೊಂದು ಬಗೆ. ಎರಡನ್ನೂ ಬೆರೆಸುವುದಿಲ್ಲ.

ಇದರ ಬೆಲೆ ಅಧ್ಯಾಪಕರ ಸಮಯ, ಅದು ಸಣ್ಣದಲ್ಲ. ನೂರಿಪ್ಪತ್ತು ಜನರ ತರಗತಿಗೆ ಮೂರು ನಿಮಿಷದಂತೆ ಆರು ಗಂಟೆ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಅವರನ್ನು ಹೊರಗಿಟ್ಟು ತರಬೇತಿ ಮಾಡಿದರೆ ಅರ್ಧ ಕಾಲೇಜನ್ನು ಹೊರಗಿಟ್ಟಂತೆ. ಶನಿವಾರಕ್ಕೆ ಕರೆಯುವುದಾದರೆ ಆ ದಿನದ ಭತ್ಯೆ ಕೊಡಿ. ಲ್ಯಾಬಿಗೆ ಎತ್ತಿಟ್ಟ ದುಡ್ಡಿನಲ್ಲಿ ಇದಕ್ಕೆ ಬೇಕಾಗುವುದು ಒಂದು ಚೂರು.

ನಿಮ್ಮ ಕಾಲೇಜಿಗೆ ಯಾವುದು?

ಅನುದಾನ ಏನೂ ಇಲ್ಲದ ತಾಲ್ಲೂಕು ಕಾಲೇಜಾದರೆ ಒಂದು ಪುಟದ ನಿಯಮ, ಶನಿವಾರದ ಪ್ರಶ್ನೆಪತ್ರಿಕೆ ಕೆಲಸ, ಈ ವರ್ಷಕ್ಕೆ ಇವೆರಡು ಸಾಕು. ಮುಂದಿನ ವರ್ಷ ಕಾಲೇಜಿನ ಖಾತೆ.

ಎರಡು ಮೂರು ಲಕ್ಷ ಇರುವ ಅನುದಾನಿತ ಕಾಲೇಜು ಖಾತೆಗಳಿಂದಲೇ ಶುರು ಮಾಡಲಿ. ಪ್ರವೇಶದ ಅರ್ಜಿಯ ಜೊತೆ ಪೋಷಕರ ಒಪ್ಪಿಗೆಯ ಹಾಳೆ ಸೇರಿಸಲಿ. ದುಡ್ಡನ್ನು ವೈಫೈಗೆ, ಅತಿಥಿ ಉಪನ್ಯಾಸಕರ ಭತ್ಯೆಗೆ, ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ಇಲ್ಲದವರಿಗಾಗಿ ನಾಲ್ಕೈದು ಕಂಪ್ಯೂಟರ್‌ಗೆ ಹಾಕಲಿ. ಬಿಸಿಎ ಇದ್ದು, ಕೊಲ್ಯಾಬ್ ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೆ ಒಂದು ಮಿಷನ್.

ಸ್ವಾಯತ್ತ ಕಾಲೇಜಿಗೆ ನೆವ ಹೇಳಲು ಜಾಗವಿಲ್ಲ. ಪರೀಕ್ಷೆ ನಿಮ್ಮದೇ. ಅಧ್ಯಯನ ಮಂಡಳಿಯ ಮುಂದಿನ ಸಭೆಗೇ ಮೌಲ್ಯಮಾಪನದ ಬದಲಾವಣೆ ತನ್ನಿ, ಲ್ಯಾಬಿನ ಕಡತ ಅದರ ಹಿಂದೆ ಬರಲಿ. ಸ್ನಾತಕೋತ್ತರ ಸಂಶೋಧನೆ ಇದ್ದರೆ ಸ್ವಂತ ಮಿಷನ್ನೂ ಬೇಕು.

ಕಾಲೇಜು ಏನೂ ಮಾಡುತ್ತಿಲ್ಲ, ನಾನೊಬ್ಬನೇ ಏನು ಮಾಡಲಿ ಅನ್ನುವ ಉಪನ್ಯಾಸಕರಿಗೂ ದಾರಿ ಇದೆ. ನಿಮ್ಮ ಒಂದು ಪೇಪರ್, ಅದರ ಒಂದು ಅಸೈನ್‌ಮೆಂಟ್ ಆರಿಸಿಕೊಳ್ಳಿ. ಪ್ರಶ್ನೆ ಬದಲಿಸಿ, ಮೂರು ನಿಮಿಷದ ಮಾತು ಸೇರಿಸಿ. ಸೆಮಿಸ್ಟರ್ ಕೊನೆಗೆ ಹಳೆಯ ಅಂಕಪಟ್ಟಿ, ಹೊಸ ಅಂಕಪಟ್ಟಿ ಎರಡನ್ನೂ ಕಾಲೇಜಿನ ಗುಣಮಟ್ಟ ನೋಡುವ ಐಕ್ಯೂಎಸಿ ಸಮಿತಿಯ ಸಭೆಗೆ ತೆಗೆದುಕೊಂಡು ಹೋಗಿ.